ರಿವರ್ಸ್ ಹಾಕುವ ಹಾಗಿಲ್ಲ

ರಾಜಾಜಿನಗರ, ಬೆಂಗಳೂರು
7 ಜುಲೈ 1974

ಚಿ. ಪಂಕಜಾಳಿಗೆ ನಿನ್ನ ಮಾವನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನೀನೂ ನಿಮ್ಮಣ್ಣನ ಮನೆಯವರೂ ಕ್ಷೇಮವೆಂದು ತಿಳಿದಿದ್ದೇನೆ. ನೀನು ಮೈಸೂರಿಗೆ ಹೋಗಿ ಐದು ವಾರವಾಯಿತು. ಹೊಸ ಶಾಲೆ ಹೇಗಿದೆ, ಹುಡುಗಿಯರು ವಿಜ್ಞಾನದ ಪಾಠ ಕೇಳುತ್ತಾರೋ ಇಲ್ಲ ಕಿಟಕಿಯಾಚೆ ನೋಡುತ್ತಾರೋ ಬರೆ. ಕೆಲಸವಿಲ್ಲದೆ ಕಾಗದ ಬರೆಯುವವನು ನಾನಲ್ಲ, ಅದು ನಿನಗೂ ಗೊತ್ತು. ಆದ್ದರಿಂದ ಕೆಲಸದ ವಿಷಯಕ್ಕೇ ಬರುತ್ತೇನೆ.

ಕಿಟ್ಟಿಯ ವ್ಯಾನ್‌ಗಾರ್ಡ್ ಕಾರನ್ನು ಹೊರಗೆ ತೆಗೆದಿದ್ದೇನೆ. ಮಗ ತೀರಿಕೊಂಡ ಮೇಲೆ ಒಂದೂವರೆ ವರ್ಷ ಷೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ಮಲಗಿತ್ತು. ಹೊಸ ಬ್ಯಾಟರಿ ಹಾಕಿಸಿದೆ, ಎರಡನೇ ಸಲಕ್ಕೇ ಎದ್ದುಕೊಂಡಿತು. ಮೂರು ಗೇರೂ ಬೀಳುತ್ತವೆ. ಓವರ್‌ಡ್ರೈವ್ ಮಾತ್ರ ಬೀಳುತ್ತಿಲ್ಲ. ಟಾಪ್ ಗೇರಿನ ಮೇಲೆ ಇನ್ನೊಂದು ಗೇರಿದ್ದ ಹಾಗೆ ಅದು, ಡ್ಯಾಶ್‌ಬೋರ್ಡಿನ ನಡುವೆ ಇರುವ ಸ್ವಿಚ್ಚು ಹಾಕಿದರೆ ಎಂಜಿನ್ನಿನ ಸದ್ದು ಇಳಿಯುತ್ತದೆ, ಗಾಡಿಯ ವೇಗ ಇಳಿಯುವುದಿಲ್ಲ ಎಂದು ಕಿಟ್ಟಿ ನನಗೆ ನೂರು ಸಲ ವಿವರಿಸಿದ್ದ. ನಾನು ಪೇಪರ್ ಓದುತ್ತಾ ಹೂಂ ಹೂಂ ಎನ್ನುತ್ತಿದ್ದೆ. ಈಗ ಕೇಳೋಣವೆಂದರೆ ಅದನ್ನು ಬಲ್ಲವಳು ನೀನೊಬ್ಬಳೇ ಉಳಿದಿರುವುದು. ಅವನ ಜೊತೆ ಆ ಕಾರಿನಡಿ ಎಷ್ಟು ಭಾನುವಾರ ಮಲಗಿದ್ದೀಯೋ!

ಎದುರುಮನೆಯ ಜಂಬಣ್ಣನವರನ್ನು ಕೇಳಿದೆ. ಇಪ್ಪತ್ತೈದು ವರ್ಷ ಸರ್ಕಾರಿ ಜೀಪು ಓಡಿಸಿದವರಲ್ಲವೆ. ಅವರು, "ಇರೋ ಮೂರು ಗೇರು ಸಾಲಂಗಿಲ್ಲೇನ್ರಿ ನಿಮಗ? ಈ ವಯಸ್ಸಿನಾಗ ಎಲ್ಲಿಗೆ ಓಡಬೇಕಾಗೇದ?" ಎಂದರು. ಪೆಟ್ರೋಲು ಉಳಿಯುತ್ತದೆ ಎಂದು ಹೇಳಿ ಬಾಯಿ ಮುಚ್ಚಿಸಿದೆ.

ಮೊದಲು ಏನು ನೋಡಬೇಕು, ತಿಳಿಸು. ನಿಮ್ಮತ್ತೆ ಆರೋಗ್ಯವಾಗಿದ್ದಾಳೆ. ಮಾತು ನಿನಗೆ ಗೊತ್ತಿರುವಷ್ಟೇ.

ಇಂತಿ,
ಲಕ್ಷ್ಮೀಪತಿ


ಸರಸ್ವತೀಪುರಂ, ಮೈಸೂರು
14 ಜುಲೈ 1974

ತೀರ್ಥರೂಪ ಸಮಾನರಾದ ಮಾವನವರಿಗೆ ಪಂಕಜಾಳ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ಎದೆ ಹಾರಿತು. ಬಾಗಿಲಲ್ಲೇ ನಿಂತು ಓದಿದೆ. ಕಾರಿನ ವಿಷಯ ಎಂದು ತಿಳಿದು ಸಮಾಧಾನವಾಯಿತು. ಕಾರಿನ ವಿಷಯ ಮಾತ್ರ ಎಂದು ಸ್ವಲ್ಪ ಬೇಜಾರೂ ಆಯಿತು. ಮುಚ್ಚಿಟ್ಟು ಏನು ಪ್ರಯೋಜನ.

ಮೊದಲು ಎಣ್ಣೆ ನೋಡಿ ಮಾವ. ಗೇರ್‌ಬಾಕ್ಸಿಗೂ ಓವರ್‌ಡ್ರೈವಿಗೂ ಒಂದೇ ಎಣ್ಣೆ. ಎಣ್ಣೆ ಕಡಿಮೆಯಾದರೆ ಒಳಗಿನ ಪಂಪಿಗೆ ಒತ್ತಡ ಹುಟ್ಟುವುದಿಲ್ಲ, ಒತ್ತಡವಿಲ್ಲದೆ ಅದು ಬೀಳುವುದಿಲ್ಲ. ಗಾಡಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಪಕ್ಕದಲ್ಲಿರುವ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿ. ಎಣ್ಣೆ ತೂತಿನ ಅಂಚಿಗೆ ಬಂದಿರಬೇಕು. ಬಣ್ಣ ಹೇಗಿದೆ, ಬೆರಳಲ್ಲಿ ಉಜ್ಜಿದರೆ ಪುಡಿ ಸಿಗುತ್ತದೆಯೇ, ಎಲ್ಲ ವಿವರವಾಗಿ ಬರೆಯಿರಿ. ಆತುರವೇನೂ ಬೇಡ.

ಟಾರ್ಚ್ ಯಾರು ಹಿಡಿಯುತ್ತಾರೆ? ಅದು ನನ್ನ ಕೆಲಸವಾಗಿತ್ತು. "ಟಾರ್ಚ್ ಹಿಡ್ಕೊಂಡವರು ಮಾತಾಡಬಾರದು ಕಣೇ, ಬೆಳಕು ಅಲ್ಲಾಡತ್ತೆ" ಎನ್ನುತ್ತಿದ್ದರು. ನಾನು ಮಾತಾಡುತ್ತಲೇ ಇರುತ್ತಿದ್ದೆ. ಇಲ್ಲಿ ಅಣ್ಣ ಅತ್ತಿಗೆ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಆದರೆ ಯಾರ ಮನೆಯಲ್ಲಿ ಕುಳಿತಿದ್ದೇನೋ ಎನ್ನಿಸುತ್ತಿರುತ್ತದೆ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಅವರಿಗೆ ಕೇಳಲು ಇಷ್ಟವಿಲ್ಲದಿದ್ದರೆ ತಿಳಿಸದಿದ್ದರೂ ಸರಿ.

ಇಂತಿ ನಿಮ್ಮ ಸೊಸೆ,
ಪಂಕಜಾ


ರಾಜಾಜಿನಗರ
28 ಜುಲೈ 1974

ಚಿ. ಪಂಕಜಾಳಿಗೆ ಆಶೀರ್ವಾದಗಳು.

ಎಣ್ಣೆ ನೋಡಿದೆ. ಜಂಬಣ್ಣನವರು ಜಾಕ್ ಎತ್ತಿಕೊಟ್ಟು, ಎರಡು ದಿಮ್ಮಿ ಕೊಟ್ಟು, ನಾನು ಒಳಗೆ ತೂರಿದ ಮೇಲೆ ಹೊರಗೆ ಕುಳಿತು ಬಳ್ಳಾರಿ ಬಿಸಿಲಿನ ಕಥೆ ಹೇಳಿದರು. ಎಣ್ಣೆ ಅರ್ಧ ಇಂಚು ಕೆಳಗಿತ್ತು. ಬಣ್ಣ ಹಳೇ ಜೋನಿಬೆಲ್ಲದ್ದು. ಪುಡಿ ಇಲ್ಲ. ತುಂಬಿಸಿದೆ. ಬಿದ್ದದ್ದು ನನ್ನ ಕನ್ನಡಕ ಒಂದೇ.

ಕಾರ್ಡ್ ರೋಡಿನಲ್ಲಿ ವಿಜಯನಗರದವರೆಗೆ, ಅಲ್ಲಿಂದ ಮಾರೇನಹಳ್ಳಿಯವರೆಗೆ ಓಡಿಸಿ ನೋಡಿದೆ. ಸ್ವಿಚ್ಚು ಹಾಕಿದೆ, ತೆಗೆದೆ, ಹಾಕಿದೆ. ಏನೂ ಇಲ್ಲ. ಇಪ್ಪತ್ತೆಂಟು ಮೈಲಿ ವೇಗದಲ್ಲಿದ್ದೆ. ಮನೆಗೆ ಬಂದು, ಈ ಕಾರಿನ ಹಣೆಬರಹವೇ ಇಷ್ಟು ಎಂದೆ. ನಿಮ್ಮತ್ತೆ ಅಕ್ಕಿ ಆರಿಸುತ್ತಾ ತಲೆಯೆತ್ತದೆ, "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ನಲವತ್ತು ಮೈಲಿ ಮೇಲೆ ಹೋದ್ರೇನೇ ಅದು ಬೀಳೋದು ಅಂತ ಅವನು ಹೇಳ್ತಿರ್ಲಿಲ್ವಾ" ಎಂದಳು. ನಾನು ಬೆರಗಾಗಿ ನಿಂತೆ. ಕಿಟ್ಟಿಯ ಮಾತನ್ನು ಅವಳು ಬಾಯಿಗೆ ತಂದು ಎಷ್ಟು ಕಾಲವಾಗಿತ್ತು! ಅಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದಳು.

ನಲವತ್ತು ಮೈಲಿ ಎಂದರೆ ನನಗೆ ಭಯ. ಮೂವತ್ತೊಂದು ವರ್ಷ ರೈಲ್ವೆ ಸಿಗ್ನಲ್ ಇಲಾಖೆಯಲ್ಲಿ ತಳ್ಳುವ ಟ್ರಾಲಿಯ ಮೇಲೆ ಓಡಾಡಿದವನು ನಾನು. ಆದರೂ ಮುಂದಿನ ವಾರ ಮೂವತ್ತೈದು ಮುಟ್ಟುತ್ತೇನೆ. ಮುಂದೆ ಏನು ನೋಡಲಿ?

ನಿನ್ನ ನಮಸ್ಕಾರ ತಿಳಿಸಿದೆ. ಕೇಳಿಸಿಕೊಂಡಳು.

ಇಂತಿ,
ಲಕ್ಷ್ಮೀಪತಿ


ಸರಸ್ವತೀಪುರಂ
11 ಆಗಸ್ಟ್ 1974

ತೀರ್ಥರೂಪ ಸಮಾನರಾದ ಮಾವನವರಿಗೆ ನಮಸ್ಕಾರಗಳು.

ಕನ್ನಡಕ ಒಡೆಯಲಿಲ್ಲ ತಾನೆ? ಅಡಿಯಲ್ಲಿ ಮಲಗುವಾಗ ಅದಕ್ಕೊಂದು ದಾರ ಕಟ್ಟಿಕೊಳ್ಳಿ.

ಈ ಸಲ ಫಿಲ್ಟರ್ ತೊಳೆಯಬೇಕು. ಓವರ್‌ಡ್ರೈವಿನ ಕೆಳಹೊಟ್ಟೆಯಲ್ಲಿ ದೊಡ್ಡ ಪ್ಲಗ್ ಇದೆ. ಹಿಂದಿನ ದಿನವೇ ಗಾಡಿ ನಿಲ್ಲಿಸಿಬಿಡಿ, ಒಳಗಿನ ಒತ್ತಡ ಇಳಿದಿರಲಿ, ಇಲ್ಲದಿದ್ದರೆ ಎಣ್ಣೆ ಮುಖಕ್ಕೆ ಹಾರುತ್ತದೆ. ಎಣ್ಣೆಯನ್ನು ಶುದ್ಧವಾದ ಪಾತ್ರೆಗೆ ಇಳಿಸಿ, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗಿಡಿ. ಬಟ್ಟೆಯಲ್ಲಿ ಒರೆಸಬೇಡಿ, ನೂಲು ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ. ಓವರ್‌ಡ್ರೈವ್ ಬಿದ್ದು, ಸ್ವಿಚ್ಚು ತೆಗೆದ ಮೇಲೂ ಬಿಡದೆ ಸಿಕ್ಕಿಕೊಂಡರೆ ಯಾವ ಕಾರಣಕ್ಕೂ ರಿವರ್ಸ್ ಹಾಕಬಾರದು. ಒಳಗೆ ಒಂದೇ ದಿಕ್ಕಿಗೆ ತಿರುಗುವ ಭಾಗವೊಂದಿದೆ, ಹಿಂದಕ್ಕೆ ತಿರುಗಿಸಿದರೆ ಒಡೆದುಹೋಗುತ್ತದೆ.

ಮದುವೆಯಾದ ಹೊಸದರಲ್ಲಿ ಒಮ್ಮೆ ಹಾಗಾಯಿತು. ಕೆಂಗೇರಿಯವರೆಗೆ ಹೋಗಿ ಬರುತ್ತೇವೆಂದು ಹೊರಟಿದ್ದೆವು. "ಹಾಕೇ" ಎಂದರು. ಸ್ವಿಚ್ಚು ಹಾಕುವುದು ಎಡಗಡೆ ಕುಳಿತವರ ಕೆಲಸ, ಅದು ಅವರ ಕಾನೂನು. ಹಾಕಿದೆ, ಬಿತ್ತು. ಕೆಂಗೇರಿಯಲ್ಲಿ ತೆಗೆದೆ, ಬಿಡಲಿಲ್ಲ. ರಸ್ತೆ ಸಣ್ಣದು, ಹಿಂದೆ ತೆಗೆಯದೆ ಆ ದೊಡ್ಡ ಗಾಡಿ ತಿರುಗುವುದಿಲ್ಲ. "ಇನ್ನು ಮುಂದಕ್ಕೇ ಗತಿ" ಎಂದು ನಗುತ್ತಾ ಬಿಡದಿ ದಾಟಿ, ಕೊಯ್ಲಾದ ಗದ್ದೆಯೊಂದರಲ್ಲಿ ದೊಡ್ಡ ಸುತ್ತು ಹೊಡೆಸಿ ತಿರುಗಿಸಿದರು. ಅತ್ತೆ ಊಟಕ್ಕೆ ಕಾದಿದ್ದರು. "ರಿವರ್ಸ್ ಹಾಕೋ ಹಾಗಿರ್ಲಿಲ್ಲ ಅಮ್ಮಾ" ಎಂದರೆ, "ಹಿಂದಕ್ಕೆ ಬರದೇ ಇರಕ್ಕೆ ಅದೇನು ಕಾರೋ ಗೂಳಿನೋ" ಎಂದು ಬೈದರು. ಬೈಯುತ್ತಲೇ ಇಬ್ಬರಿಗೂ ತುಪ್ಪ ಬಡಿಸಿದರು.

ಆ ದಿನಗಳು ಬೇಕು ಮಾವ. ಇಲ್ಲಿ ಶಾಲೆ ಬಿಟ್ಟ ಮೇಲೆ ಮೈದಾನ ಖಾಲಿಯಾಗುವಾಗ ಬಹಳ ಬೇಕೆನಿಸುತ್ತದೆ.

ಇಂತಿ ನಿಮ್ಮ ಸೊಸೆ,
ಪಂಕಜಾ


ರಾಜಾಜಿನಗರ
1 ಸೆಪ್ಟೆಂಬರ್ 1974

ಚಿ. ಪಂಕಜಾಳಿಗೆ ಆಶೀರ್ವಾದಗಳು.

ಫಿಲ್ಟರ್ ತೊಳೆದೆ. ಎಣ್ಣೆ ಇಳಿಸಲು ತೆಗೆದುಕೊಂಡ ಪಾತ್ರೆ ನಿಮ್ಮತ್ತೆಯ ಹಪ್ಪಳದ ಹಿಟ್ಟಿನ ತಪ್ಪಲೆ ಎಂದು ಆಮೇಲೆ ತಿಳಿಯಿತು. ಮೂರು ದಿನ ಅನ್ನ ಸಾರು ಸಿಕ್ಕಿತು, ಮಾತು ಸಿಗಲಿಲ್ಲ. ಇರಲಿ. ಮಾಗಡಿ ರೋಡಿನಲ್ಲಿ ಮೂವತ್ತೆಂಟು ಮೈಲಿ ಮುಟ್ಟಿದೆ. ಓವರ್‌ಡ್ರೈವ್ ಬೀಳಲಿಲ್ಲ.

ನಿನ್ನ ಹಿಂದಿನ ಕಾಗದವನ್ನು ಓದಿ ಮೇಜಿನ ಮೇಲಿಟ್ಟಿದ್ದೆ. ಆಮೇಲೆ ಹುಡುಕಿದರೆ ಸಿಗಲಿಲ್ಲ. ಮೊನ್ನೆ ಅಡಿಗೆಮನೆಯಲ್ಲಿ ಮೆಂತ್ಯದ ಡಬ್ಬದ ಕೆಳಗೆ ಕಂಡೆ. ಕಾಣದವನ ಹಾಗೆ ಡಬ್ಬವನ್ನು ಮತ್ತೆ ಅದರ ಮೇಲೇ ಇಟ್ಟು ಬಂದೆ.

ಪಂಕಜಾ, ನಮ್ಮ ಸಿಗ್ನಲ್ ಇಲಾಖೆಯಲ್ಲಿ ಒಂದು ನಿಯಮವಿತ್ತು. ಯಾರಾದರೂ ಒಂದು ತಂತಿಯನ್ನು ಬಿಚ್ಚಿದ್ದರೆ, ಅವರಿಂದ ಬರಹದಲ್ಲಿ ಮೆಮೊ ಬರುವ ತನಕ ಇನ್ನೊಬ್ಬರು ಅದನ್ನು ಜೋಡಿಸುವ ಹಾಗಿರಲಿಲ್ಲ. ಕಣ್ಣೆದುರೇ ನೇತಾಡುತ್ತಿದ್ದರೂ ಸರಿ. ಬಿಚ್ಚಿದವನು ಏನೋ ಕಾರಣಕ್ಕೆ ಬಿಚ್ಚಿರುತ್ತಾನೆ, ಆ ಕಾರಣ ಅವನಿಗೇ ಗೊತ್ತು. ಯಾಕೋ ಇವತ್ತು ನೆನಪಾಯಿತು, ಬರೆದೆ.

ಮುಂದೆ ಏನು ನೋಡಲಿ?

ಇಂತಿ,
ಲಕ್ಷ್ಮೀಪತಿ


ಸರಸ್ವತೀಪುರಂ
8 ಸೆಪ್ಟೆಂಬರ್ 1974

ತೀರ್ಥರೂಪ ಸಮಾನರಾದ ಮಾವನವರಿಗೆ ಪಂಕಜಾಳ ನಮಸ್ಕಾರಗಳು.

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಇದು ನಾಲ್ಕನೆಯದು, ಬರೆದ ಕೂಡಲೇ ಡಬ್ಬಕ್ಕೆ ಹಾಕಿಬಿಡುತ್ತೇನೆ.

ಆ ತಂತಿ ಬಿಚ್ಚಿದವಳು ನಾನು. ಮುಂದಿನ ಸೀಟಿನ ಕಾರ್ಪೆಟ್ ಎತ್ತಿ ತಗಡಿನ ಮುಚ್ಚಳ ತೆಗೆದರೆ ಗೇರ್‌ಬಾಕ್ಸಿನ ನೆತ್ತಿಯ ಮೇಲೆ ಚಿಕ್ಕ ಸ್ವಿಚ್ಚೊಂದು ಕಾಣುತ್ತದೆ. ಟಾಪ್ ಗೇರಿನಲ್ಲಿದ್ದಾಗ ಮಾತ್ರ ಓವರ್‌ಡ್ರೈವಿಗೆ ಕರೆಂಟ್ ಬಿಡುವುದು ಅದು. ಅದರ ಒಂದು ತಂತಿಯನ್ನು ಕಳಚಿ, ತುದಿಗೆ ಹೂ ಕಟ್ಟುವ ಬಾಳೆನಾರು ಸುತ್ತಿ ಮಡಚಿಟ್ಟಿದ್ದೇನೆ. ಊರಿಗೆ ಹೊರಡುವ ದಿನ ಬೆಳಿಗ್ಗೆ, ನೀವು ಹಾಲು ತರಲು ಹೋಗಿದ್ದಾಗ.

ಯಾವತ್ತಾದರೂ ನೀವು ಆ ಕಾರು ತೆಗೆದೇ ತೆಗೆಯುತ್ತೀರಿ, ಓವರ್‌ಡ್ರೈವ್ ಬೀಳುವುದಿಲ್ಲ, ಆಗ ನನ್ನನ್ನು ಕೇಳಲೇಬೇಕಾಗುತ್ತದೆ ಎಂದು ಹಾಗೆ ಮಾಡಿದೆ. ಆ ಮನೆಗೆ ನನ್ನಿಂದ ಇನ್ನು ಯಾವ ಕೆಲಸವೂ ಉಳಿದಿರಲಿಲ್ಲ. ಒಂದಾದರೂ ಉಳಿಯಲಿ ಎಂದು ಉಳಿಸಿ ಬಂದೆ. ನಿಮ್ಮ ಕಾಗದ ಬಂದ ಮೇಲೆ ನಿಜ ಹೇಳಿದರೆ ಒಂದೇ ಕಾಗದಕ್ಕೆ ಎಲ್ಲ ಮುಗಿದುಹೋಗುತ್ತದೆ ಎಂದು ಹೆದರಿ ಎಣ್ಣೆ, ಫಿಲ್ಟರ್ ಎಂದು ನಿಮ್ಮನ್ನು ಮಣ್ಣಿನಲ್ಲಿ ಹೊರಳಾಡಿಸಿದೆ. ಅರವತ್ತು ದಾಟಿದವರಿಗೆ ಹೀಗೆ ಮಾಡಿದ್ದಕ್ಕೆ ನಾಚಿಕೆಯಾಗುತ್ತದೆ. ಕ್ಷಮಿಸಿ.

ಹೇಗೂ ಬಾಯಿ ಬಿಟ್ಟಿದ್ದೇನೆ, ಪೂರ್ತಿ ಹೇಳಿಬಿಡುತ್ತೇನೆ. ಕೆಲಸ ಸಿಕ್ಕಿತೆಂದು ಹೊರಟೆ ಎಂಬುದು ಅರ್ಧ ನಿಜ. ಆ ಒಂದೂವರೆ ವರ್ಷ ಅತ್ತೆಯೂ ನಾನೂ ಒಂದೇ ಅಡಿಗೆಮನೆಯಲ್ಲಿ ಮಾತಿಲ್ಲದೆ ಓಡಾಡಿದೆವು. ಒಂದು ದಿನ ತಡೆಯಲಾಗಲಿಲ್ಲ. ಹೊರಡುವಾಗ ಗೇಟಿನ ಹತ್ತಿರ, "ಹೋಗ್ತೀನಿ ಅತ್ತೆ" ಎಂದೆ. 'ಹೋಗಿಬರ್ತೀನಿ' ಎನ್ನಬೇಕಿತ್ತು, ಬೇಕೆಂದೇ ಹಾಗೆ ಅಂದೆ. "ಛೇ, ಹೋಗ್ತೀನಿ ಅನ್ಬಾರ್ದು ಕಣೇ" ಎಂದು ತಿದ್ದುತ್ತಾರೆ, ಎಲ್ಲ ಹಿರಿಯರೂ ತಿದ್ದುವ ಹಾಗೆ, ಎಂದು ಆಸೆಪಟ್ಟಿದ್ದೆ. ಅವರು "ಹೋಗು" ಎಂದರು. "ಹೋಗಿ ಬಾ" ಎನ್ನಲಿಲ್ಲ. ಬೀದಿಯ ನಾಯಿಗೆ ಹೇಳುವಷ್ಟೇ ಚಿಕ್ಕ ಮಾತು. ಬಸ್ಸಿನಲ್ಲಿ ರಾಮನಗರ ಬರುವವರೆಗೂ ಅಳುತ್ತಿದ್ದೆ.

ನನಗೆ ಆ ಮನೆ ಬೇಕು ಮಾವ. ಬಾ ಎಂದು ಒಬ್ಬರಾದರೂ ಕರೆಯದೆ ಹೇಗೆ ಬರಲಿ?

ತಂತಿ ಜೋಡಿಸಿಬಿಡಿ. ಕೀಲಿ ತಿರುಗಿಸಿ, ಟಾಪ್ ಗೇರಿಗೆ ಹಾಕಿ, ಸ್ವಿಚ್ಚು ಹಾಕಿದರೆ ಕೆಳಗಿನಿಂದ ಟಕ್ ಎನ್ನುತ್ತದೆ.

ಇಂತಿ,
ಪಂಕಜಾ


ರಾಜಾಜಿನಗರ
15 ಸೆಪ್ಟೆಂಬರ್ 1974

ಚಿ. ಪಂಕಜಾಳಿಗೆ ಆಶೀರ್ವಾದಗಳು.

ಮೆಮೊ ತಲುಪಿತು. ತಂತಿ ಜೋಡಿಸಿದ್ದೇನೆ.

ಜುಲೈ ಮೊದಲ ಭಾನುವಾರವೇ ಆ ಮುಚ್ಚಳ ತೆಗೆದಿದ್ದೆ. ಅಷ್ಟು ವರ್ಷ ತಂತಿಗಳ ಜೊತೆ ಬಾಳಿದವನು, ಸ್ವಿಚ್ಚು ಹಾಕಿದಾಗ ಟಕ್ ಎನ್ನಲಿಲ್ಲವೆಂದರೆ ಕರೆಂಟಿಲ್ಲ ಎಂದು ತಿಳಿಯದವನೇ? ಬಾಳೆನಾರು ನೋಡಿದ ಕೂಡಲೇ ಯಾರ ಕೈಯೆಂದೂ ತಿಳಿಯಿತು. ಯಾಕೆ ಬಿಚ್ಚಿದಳೋ, ಅವಳೇ ಹೇಳಲಿ ಎಂದು ಹಾಗೇ ಬಿಟ್ಟು ನಿನಗೆ ಕಾಗದ ಬರೆದೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ. ಎಣ್ಣೆ ನೋಡಿ ಎಂದೆ ನೀನು, ನೋಡಿದೆ ನಾನು. ಫಿಲ್ಟರ್ ತೊಳೆಯಿರಿ ಎಂದೆ, ತೊಳೆದೆ. ತಿಂಗಳಿಗೊಮ್ಮೆ ಅಂಚೆಯವನು ನಮ್ಮ ಗೇಟಿನಲ್ಲಿ ನಿಲ್ಲುತ್ತಿದ್ದ, ಅದೇನು ಕಡಿಮೆ ಲಾಭವೇ? ಕ್ಷಮೆಯ ಮಾತು ಬೇಡ. ಆ ಮೊದಲ ಕಾಗದಕ್ಕೆ ನಾನು ಹಾಳುಮಾಡಿದ ಹಾಳೆಗಳ ಲೆಕ್ಕ ನಿನಗೆ ಗೊತ್ತಿಲ್ಲ. ಕೈ ಅಭ್ಯಾಸಬಲದಿಂದ 'ಚಿ. ಸೌ.' ಎಂದೇ ಬರೆಯುತ್ತಿತ್ತು.

ಈಗ ಕೇಳು, ಇದು ಆಟವಲ್ಲ. ತಂತಿ ಜೋಡಿಸಿದ ಮೇಲೆ ಟಕ್ ಎಂದಿತು. ಆದರೂ ಓವರ್‌ಡ್ರೈವ್ ಬೀಳುತ್ತಿಲ್ಲ. ಮೈಸೂರು ರೋಡಿನಲ್ಲಿ ನಲವತ್ತೆರಡು ಮೈಲಿಯಲ್ಲಿ, ಪಕ್ಕದಲ್ಲಿ ಜಂಬಣ್ಣನವರು ದೇವರ ನಾಮ ಹೇಳುತ್ತಿರುವಾಗ, ಆರು ಸಲ ಹಾಕಿ ನೋಡಿದೆ. ಈ ಸಲ ನಿಜವಾಗಿಯೂ ಗೊತ್ತಾಗದೆ ಕೇಳುತ್ತಿದ್ದೇನೆ.

ನಿನ್ನ ಕಾಗದವನ್ನು ನಿಮ್ಮತ್ತೆಗೆ ಪೂರ್ತಿ ಓದಿ ಹೇಳಿದೆ, ಗೇಟಿನ ವಿಷಯವನ್ನೂ ಬಿಡದೆ. ಅವಳು ಎದ್ದು ಹಿತ್ತಲಿಗೆ ಹೋದಳು. ನಾನು ಹಿಂದೆ ಹೋಗಲಿಲ್ಲ.

ಇಂತಿ,
ಲಕ್ಷ್ಮೀಪತಿ


ಸರಸ್ವತೀಪುರಂ
22 ಸೆಪ್ಟೆಂಬರ್ 1974

ತೀರ್ಥರೂಪ ಸಮಾನರಾದ ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ನಕ್ಕೆ, ಅತ್ತೆ, ಮತ್ತೆ ನಕ್ಕೆ. ಅತ್ತಿಗೆ ಗಾಬರಿಯಾದರು.

ಟಕ್ ಎಂದರೂ ಬೀಳುತ್ತಿಲ್ಲವೆಂದರೆ ಸನ್ನೆ ಜಾರಿದೆ. ಓವರ್‌ಡ್ರೈವಿನ ಪಕ್ಕದಲ್ಲಿ ಚಿಕ್ಕದೊಂದು ಸನ್ನೆಕಡ್ಡಿಯಿದೆ. ಕರೆಂಟ್ ಬಂದಾಗ ಅದು ಮೇಲಕ್ಕೇಳಬೇಕು, ಎದ್ದಾಗ ಅದರ ತೂತು ಹಿಂದಿನ ಕವಚದ ತೂತಿಗೆ ನೇರವಾಗಿ ಕೂರಬೇಕು. ಕೂದಲೆಳೆ ವ್ಯತ್ಯಾಸವಾದರೂ ಒಳಗಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಎರಡು ತೂತಿಗೂ ಸೇರಿಸಿ ಮೂರು-ಹದಿನಾರು ಇಂಚಿನ ಡ್ರಿಲ್ ಬಿಟ್, ಅದೇ ತೂತು ಕೊರೆಯುವ ಸುರುಳಿ ಕಡ್ಡಿ, ತೂರಿಸಿ ನಿಲ್ಲಿಸಿ, ಆಮೇಲೆ ಬೋಲ್ಟು ಬಿಗಿಯಬೇಕು. ಆಮೇಲೆ ಬಿಟ್ಟನ್ನು ತೆಗೆಯಲು ಮರೆಯಬಾರದು.

ಅದಕ್ಕೆಂದೇ ಅವರ ಬಳಿ ಒಂದು ಬಿಟ್ ಇತ್ತು. ಎಪ್ಪತ್ತೆರಡರ ಆಯುಧಪೂಜೆಯ ಮೇಲೆ ಅದು ಕಾಣೆಯಾಯಿತು. ಒಂದು ಭಾನುವಾರವೆಲ್ಲ ಮನೆ ತಲೆಕೆಳಗು ಮಾಡಿ ಹುಡುಕಿದರು, ನಿಮಗೆ ನೆನಪಿರಬಹುದು. ಸಿಗಲಿಲ್ಲ. ಕಣ್ಣಂದಾಜಿನಲ್ಲಿ ಸನ್ನೆ ಕೂರಿಸಿ, "ಸದ್ಯಕ್ಕೆ ಓಡ್ಲಿ, ಬಿಟ್ ಸಿಕ್ಮೇಲೆ ಸರಿಯಾಗಿ ಮಾಡ್ತೀನಿ" ಎಂದರು. ಮುಂದಿನ ತಿಂಗಳೇ ಕಾಮಾಲೆ ಹಿಡಿಯಿತು.

ಅದು ಎಲ್ಲಿದೆಯೆಂದು ನನಗೆ ಗೊತ್ತು. ಅವರು ಹೋಗಿ ಮೂರು ತಿಂಗಳ ಮೇಲೆ ಕಂಡೆ. ದೇವರ ಮನೆಯಲ್ಲಿ ಕುಂಕುಮದ ಭರಣಿಯೊಳಗಿದೆ. ಅತ್ತೆ ದಿನವೂ ದೇವರಿಗೆ ಕುಂಕುಮ ಇಡುವ ಕಡ್ಡಿ ಅದೇ. ಹೇಳೋಣವೆಂದು ಬಾಯಿಗೆ ಬಂತು. ಕುಂಕುಮದ ವಿಷಯ ಎತ್ತುವ ಸ್ಥಿತಿಯಲ್ಲಿ ಆಗ ನಾನಿರಲಿಲ್ಲ.

ಅವರನ್ನು ಕೇಳಬೇಡಿ. ಅಂಗಡಿಯಲ್ಲಿ ಅದೇ ಅಳತೆಯದು ಸಿಗುತ್ತದೆ.

ಇಂತಿ ನಿಮ್ಮ ಸೊಸೆ,
ಪಂಕಜಾ


ರಾಜಾಜಿನಗರ
25 ಅಕ್ಟೋಬರ್ 1974, ವಿಜಯದಶಮಿ

ಚಿ. ಪಂಕಜಾಳಿಗೆ ಆಶೀರ್ವಾದಗಳು.

ಒಂದು ತಿಂಗಳು ಕಾಗದ ಬರೆಯಲಿಲ್ಲ. ಅಂಗಡಿಯಿಂದ ಬಿಟ್ ತಂದು ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ, ಕಾರಿನಡಿಗೆ ಹೋಗಲು ಮನಸ್ಸಾಗಲಿಲ್ಲ. ಹಾಗೆಂದು ನಿಮ್ಮತ್ತೆಯನ್ನು ಕೇಳಲು ಧೈರ್ಯವೂ ಇಲ್ಲ. ನಿನ್ನ ಕಾಗದವನ್ನು ಈ ಸಲ ಓದಿ ಹೇಳದೆ ಮೇಜಿನ ಮೇಲಿಟ್ಟೆ. ಯಥಾಪ್ರಕಾರ ಮಾಯವಾಯಿತು.

ನಿನ್ನೆ ಆಯುಧಪೂಜೆ. ಕಿಟ್ಟಿ ಹೋದ ಮೇಲೆ ಈ ಮನೆಯಲ್ಲಿ ನಡೆದ ಮೊದಲ ಹಬ್ಬ. ಅವಳೇ ಅವನ ಸಾಮಾನಿನ ಪೆಟ್ಟಿಗೆ ತೆಗೆಸಿ, ಸ್ಪ್ಯಾನರುಗಳನ್ನು ಒರೆಸಿ ಮಣೆಯ ಮೇಲೆ ಸಾಲಾಗಿ ಜೋಡಿಸಿದಳು. ಎಲ್ಲಕ್ಕೂ ಕುಂಕುಮ ಇಟ್ಟಳು. ಕೊನೆಗೆ ಕೈಯಲ್ಲಿದ್ದ ಕಡ್ಡಿಯನ್ನೇ ಸೆರಗಿನಲ್ಲಿ ಒರೆಸಿ, ಅದಕ್ಕೂ ಬೆರಳಿನಿಂದ ಕುಂಕುಮ ಹಚ್ಚಿ, ಆ ಸಾಲಿನ ತುದಿಯಲ್ಲಿಟ್ಟಳು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ," ಎಂದಳು. "ಎಲ್ಲಮ್ಮಾ, ನೋಡಿದ್ಯೇನಮ್ಮಾ ಅಂತ ನನ್ನನ್ನೂ ಕೇಳ್ದ ಕಣ್ರೀ. ನಾನು ಇದನ್ನೇ ಕೈಲಿ ಹಿಡ್ಕೊಂಡು, ನಂಗೇನೋ ಗೊತ್ತು, ಹೋಗಾಚೆ ಅಂದೆ."

ಆಮೇಲೆ ಅತ್ತಳು. ಪಂಕಜಾ, ಆಸ್ಪತ್ರೆಯಿಂದ ಅವನನ್ನು ತಂದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಾನೂ ಪಕ್ಕದಲ್ಲಿ ಕುಳಿತು ಅತ್ತೆ.

ಇವತ್ತು ಬೆಳಿಗ್ಗೆ ಕಾರಿನಡಿ ಟಾರ್ಚ್ ಹಿಡಿದವಳು ಅವಳೇ. ಬೆಳಕು ಬಹಳ ಅಲ್ಲಾಡಿತು. ಬಿಟ್ ಎರಡು ತೂತಿಗೂ ಸಲೀಸಾಗಿ ಕೂತಿತು, ಅದರ ಸುರುಳಿಯಲ್ಲಿದ್ದ ಕುಂಕುಮ ಸನ್ನೆಗೂ ಸ್ವಲ್ಪ ಅಂಟಿದೆ, ಇರಲಿ. ಬೋಲ್ಟು ಬಿಗಿದು ಬಿಟ್ ತೆಗೆದೆ. ಭಾನುವಾರ ಪರೀಕ್ಷೆ. ಕೆಂಗೇರಿಯವರೆಗೆ ಹೋಗಿ ತಿರುಗುತ್ತೇವೆ. ನಿಮ್ಮತ್ತೆಯೂ ಬರುತ್ತಾಳಂತೆ.

ಅವಳು ಒಂದು ಚೀಟಿ ಕೊಟ್ಟಿದ್ದಾಳೆ, ಓದಬಾರದೆಂದು ನನಗೆ ಆಜ್ಞೆ. ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ಲಕ್ಷ್ಮೀಪತಿ


(ಚೀಟಿ)

ಪಂಕಜಾ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ಟೀಚರ್ ಆದವಳು ತಿದ್ದಿಕೋ.

ಆ ವರ್ಷ ಆಯುಧಪೂಜೆಗೆ ಮುಂಚೆ ನೀನು ಮೈಸೂರಿಗೆ ಹೋಗಿ ಬಂದಿದ್ದೆ. ಪೂಜೆ ಆದ ಮೇಲೆ ಮಣೆ ಎತ್ತುವಾಗ ಈ ಕಡ್ಡಿ ಸಿಕ್ಕಿತು. ತುದಿಗೆ ಕುಂಕುಮ ಇತ್ತು, ಮೈಗೆ ಸುರುಳಿ ಇತ್ತು. ನೀನು ನನಗೆ ಅಂತ ತಂದು, ಕೈಗೆ ಕೊಡಲು ಸಂಕೋಚಪಟ್ಟು ಅಲ್ಲಿ ಇಟ್ಟಿದ್ದೀಯ ಅಂದುಕೊಂಡೆ. ಕುಂಕುಮ ಚೆನ್ನಾಗಿ ಹಿಡಿಯುತ್ತಿತ್ತು. ಅವತ್ತಿನಿಂದ ಇದರಲ್ಲೇ ಇಟ್ಟೆ. ನೀನು ಹೋದ ಮೇಲೂ ಇದರಲ್ಲೇ ಇಟ್ಟೆ. ಪಂಕಜಾ ತಂದ ಕಡ್ಡಿ ಅಂತ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಅವನದು ಅಂತ ಗೊತ್ತಿರಲಿಲ್ಲ.

ಗೇಟಿನ ಹತ್ತಿರ ಹೋಗು ಅಂದೆ, ನಿಜ. ಕಿಟ್ಟಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಅದೇ ಗೇಟಿನಲ್ಲಿ ನಿಂತು ಹೋಗಿ ಬಾ ಮಗೂ ಅಂದಿದ್ದೆ. ಅವನು ಬರಲಿಲ್ಲ. ಅವತ್ತಿನಿಂದ ನಾನು ಆ ಮಾತನ್ನು ಯಾರಿಗೂ ಅಂದಿಲ್ಲ. ನಿಮ್ಮ ಮಾವ ತರಕಾರಿಗೆ ಹೊರಟರೂ ಅನ್ನುವುದಿಲ್ಲ. ನಿನಗೂ ಅಂದು, ನೀನೂ ಬರದೆ ಹೋದರೆ ನಾನು ಏನು ಮಾಡಲಿ ಅಂತ ಬಾಯಿ ಕಟ್ಟಿತು.

ಕೆಲಸ ಬಿಡು ಅನ್ನುವುದಿಲ್ಲ. ರಜಕ್ಕೆ ಬಾ. ಹಬ್ಬಕ್ಕೆ ಬಾ. ಸುಮ್ಮನೆ ಬಾ.

ಅತ್ತೆ


ಕೆಂಗೇರಿ
27 ಅಕ್ಟೋಬರ್ 1974, ಭಾನುವಾರ ಬೆಳಿಗ್ಗೆ

ಚಿ. ಪಂಕಜಾಳಿಗೆ,

ಕಾರ್ಡು ಚಿಕ್ಕದು, ಪರೀಕ್ಷೆಯ ವರದಿ ಮಾತ್ರ ಬರೆಯುತ್ತೇನೆ. ಮನೆಯ ಕೀಲಿ ಕೊಡಲು ಜಂಬಣ್ಣನವರಲ್ಲಿಗೆ ಹೋದಾಗ ಅವರ ಹೆಂಡತಿ ಇಂದ್ರಮ್ಮ "ಹೋಗಿ ಬರ್ರಿ" ಎಂದರು. ನಿಮ್ಮತ್ತೆ ಒಂದು ಕ್ಷಣ ತಡೆದು, "ಬರ್ತೀವಿ" ಎಂದಳು. ಅವಳು ಎಡಗಡೆ ಕುಳಿತಳು. ನಾಗರಬಾವಿ ಕಡೆಯ ತಿರುವು ದಾಟಿದ ಮೇಲೆ ನಲವತ್ತೈದು ಮೈಲಿಯಲ್ಲಿ, "ಹಾಕೇ" ಎಂದೆ. ಹಾಕಿದಳು. ಬಿತ್ತು. ಎಂಜಿನ್ನಿನ ಸದ್ದು ಇಳಿದು ಗಾಡಿ ಹಾಗೇ ಹೋಯಿತು. ಕಿಟ್ಟಿ ಹೇಳುತ್ತಿದ್ದುದು ಇದೇ ಎಂದು ಈಗ ತಿಳಿಯಿತು.

ಕೆಂಗೇರಿಯಲ್ಲಿ ತಿರುಗಿಸೋಣವೆಂದರೆ ಓವರ್‌ಡ್ರೈವ್ ಬಿಡುತ್ತಿಲ್ಲ. ಆದ್ದರಿಂದ ನಿನ್ನ ನಿಯಮದಂತೆ ರಿವರ್ಸ್ ಹಾಕುವ ಹಾಗಿಲ್ಲ, ಮುಂದಕ್ಕೇ ಬರುತ್ತಿದ್ದೇವೆ. ಇವತ್ತು ಅಂಚೆ ಡಬ್ಬ ತೆಗೆಯುವುದಿಲ್ಲ, ಈ ಕಾರ್ಡಿಗಿಂತ ನಾವೇ ಮೊದಲು ತಲುಪುತ್ತೇವೆ. ಗೇರು ತಪ್ಪಿಸಿದರೆ ತಾನೇ ಬಿಡುತ್ತದಲ್ಲ ಮಾವ ಎಂದು ನೀನು ಕೇಳುತ್ತೀಯ. ಎಲ್ಲ ಪರೀಕ್ಷಿಸಿ ಆಗಿದೆ. ಎಣ್ಣೆ ಸರಿಯಿದೆ, ತಂತಿ ಸರಿಯಿದೆ, ಸನ್ನೆ ಸರಿಯಿದೆ. ದೋಷ ಪತ್ತೆಯಾಯಿತು: ನಿಮ್ಮತ್ತೆ ಸ್ವಿಚ್ಚಿನ ಮೇಲೆ ಕೈಯಿಟ್ಟು ಕುಳಿತಿದ್ದಾಳೆ, ಎಷ್ಟು ಹೇಳಿದರೂ ತೆಗೆಯುತ್ತಿಲ್ಲ.

ಇಂತಿ,
ಲಕ್ಷ್ಮೀಪತಿ